ಪರಊರಿನಲ್ಲಿ ನಮಗೇಕೆ ಉಸಾಬರಿ?

ಹೋದ ತಿಂಗಳು ಸಂಘದ ಕಾರ್ಯಕ್ರಮ ಮುಗಿದ ಮೇಲೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಾಲ್ಕೈದು ಜನ ಮಾತಾಡುತ್ತ ನಿಂತಿದ್ದೆವು. ನಮ್ಮ ಭಾಗದಲ್ಲಿ ಕೆಲವು ವಾರಗಳಿಂದ ನಳಕ್ಕೆ ನೀರು ಸರಿಯಾಗಿ ಬರುತ್ತಿಲ್ಲ. ಅಕ್ಕಪಕ್ಕದ ಸೊಸಾಯಿಟಿಗಳವರೆಲ್ಲ ಕೂಡಿ ಒಂದು ಮೋರ್ಚಾ ತೆಗೆಯುವವರಿದ್ದಾರೆ. ನಮ್ಮ ಕನ್ನಡದವರೂ ಹತ್ತು ಜನ ಬಂದರೆ ಚೆನ್ನ ಎಂದು ನಾನೆಂದೆ. ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ, ಊರು ಬಿಟ್ಟು ಇನ್ನೂ ಮೂರು ವರ್ಷವಾಗದ ತರುಣರೊಬ್ಬರು ಬಹಳ ವಿನಯದಿಂದಲೇ ಹೇಳಿದರು: "ಕಾಕಾ, ನಾವು ಹೊಟ್ಟೀಪಾಡಿಗೆ ಬಂದವರು. ಪರಊರಾಗ ನಮಗ್ಯಾಕ ಬೇಕರೀ ಈ ಉಸಾಬರಿ?"

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ಮಾತು ನಿದ್ದೆಗೆಡಿಸಿತು. ಐವತ್ತು ವರ್ಷಗಳ ಹಿಂದೆ, ಇದೇ ಪುಣೆಯಲ್ಲಿ, ಇದೇ ಮಾತನ್ನು ನಾನೂ ಆಡಿದ್ದೆ. ಆಗ ನನ್ನ ಎದುರಿಗೆ ನಿಂತಿದ್ದವರು ಯಾರು ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈ ವಯಸ್ಸಿನಲ್ಲಿ ಮುಚ್ಚಿಟ್ಟುಕೊಂಡು ಮಾಡುವುದೇನಿದೆ? ವಾಚಕರ ಮುಂದೆ ಹೇಳಿಬಿಡುತ್ತೇನೆ.

ನಾನು ಧಾರವಾಡದಿಂದ ಪುಣೆಗೆ ಬಂದದ್ದು 1973ರಲ್ಲಿ. ಪಿಂಪ್ರಿಯ ಕಾರಖಾನೆಯೊಂದರಲ್ಲಿ ಕೆಲಸ. ಸದಾಶಿವ ಪೇಠೆಯ ಹಳೆಯ ವಾಡೆಯೊಂದರಲ್ಲಿ ಎರಡು ಖೋಲಿಗಳ ಬಿಡಾರ. ಅಂಗಳದಲ್ಲಿ ಎಲ್ಲರಿಗೂ ಕೂಡಿ ಒಂದೇ ನಳ. ಹೊರಡುವಾಗ ಅಪ್ಪ ಒಂದೇ ಮಾತು ಹೇಳಿದ್ದರು: "ಪರಊರು, ತೆಲಿ ಬಗ್ಗಿಸಿಕೊಂಡು ಹೋಗು, ತೆಲಿ ಬಗ್ಗಿಸಿಕೊಂಡು ಬಾ." ಹೀಗೆ ಹೇಳಿದ ಅಪ್ಪ ಸ್ವತಃ ಹಾಗೆ ಇದ್ದವರಲ್ಲ. 1953ರಲ್ಲಿ ಕರ್ನಾಟಕದ ಏಕೀಕರಣಕ್ಕಾಗಿ ಅದರಗುಂಚಿಯ ಶಂಕರಗೌಡ ಪಾಟೀಲರು ಆಮರಣ ಉಪವಾಸ ಕೂತಾಗ, ಹುಬ್ಬಳ್ಳಿಯಲ್ಲಿ ಜನ ರೊಚ್ಚಿಗೆದ್ದು ಗೋಳೀಬಾರಾದಾಗ, ಆ ಜನರ ನಡುವೆ ಅವರೂ ಇದ್ದರು. ಪೊಲೀಸರ ಲಾಠಿಯ ಗುರುತು ಕೊನೆಯವರೆಗೂ ಅವರ ಮೊಣಕೈ ಮೇಲಿತ್ತು. ಆದರೆ ಅದು ಸ್ವಂತ ಊರು. ಸ್ವಂತ ಊರಿಗೊಂದು ನ್ಯಾಯ, ಪರಊರಿಗೊಂದು ನ್ಯಾಯ ಎಂದು ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ.

ನಮ್ಮ ಎದುರಿನ ಖೋಲಿಯಲ್ಲಿದ್ದವರು ಒಬ್ಬ ಮರಾಠಿ ಮಾಸ್ತರರು. ರಾಷ್ಟ್ರ ಸೇವಾ ದಳದಲ್ಲಿ ಬೆಳೆದವರು, ಖಾದಿಯ ಮನುಷ್ಯ. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಎಸ್. ಎಂ. ಜೋಶಿಯವರ ಹಿಂದೆ ತಿರುಗಿದವರು. ಭಾನುವಾರ ಸಂಜೆ ಅವರ ಮನೆಯಲ್ಲಿ ಚಹಾ ಕುಡಿಯುತ್ತ ನಮ್ಮಪ್ಪನ ಕತೆ ನಾನು ಹೇಳಬೇಕು, ತಮ್ಮ ಕತೆ ಅವರು ಹೇಳಬೇಕು. ನಮ್ಮದು 1956ರ ನವೆಂಬರ್ 1ಕ್ಕೆ ಆಯಿತು. ಅವರದು ನೂರಕ್ಕೂ ಮಿಕ್ಕಿ ಜೀವಗಳನ್ನು ಕೊಟ್ಟು 1960ರ ಮೇ 1ಕ್ಕೆ ಆಯಿತು. "ನಿಮ್ಮಪ್ಪನೂ ನಾನೂ ಒಂದೇ ಶಾಲೆಯವರು" ಎಂದು ಅವರು ನಗುತ್ತಿದ್ದರು. ಬೆಳಗಾವಿಯ ಮಾತು ಬಂದರೆ ಮಾತ್ರ ಇಬ್ಬರೂ ಸ್ವಲ್ಪ ಹೊತ್ತು ಚಹಾದ ಕಪ್ಪಿನಲ್ಲಿ ದೃಷ್ಟಿಯಿಟ್ಟು ಕೂಡುತ್ತಿದ್ದೆವು. ವೈನಿಯವರು ಅಷ್ಟರಲ್ಲಿ ಚಿವಡಾ ತಂದಿಡುತ್ತಿದ್ದರು. ಗಡಿತಂಟೆ ಅಲ್ಲಿಗೆ ಮುಗಿಯುತ್ತಿತ್ತು.

ಒಂದು ದಿನ ಮಾಸ್ತರರು ಮತದಾರರ ಯಾದಿಯ ಅರ್ಜಿ ಹಿಡಿದು ಬಂದರು. ನನ್ನ ಹೆಸರು ಧಾರವಾಡದಲ್ಲಿದೆ, ಇಲ್ಲಿ ಬೇಡ ಎಂದೆ. "ಯಾವ ಊರಿನ ನಳದ ನೀರು ಕುಡಿಯುತ್ತೀರೋ ಆ ಊರಿನ ಯಾದಿಯಲ್ಲಿ ಹೆಸರಿರಬೇಕು" ಎಂದು ತಾವೇ ಅರ್ಜಿ ತುಂಬಿ, ನನ್ನ ಸಹಿ ಹಾಕಿಸಿಕೊಂಡು ಹೋದರು.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಜುಲೈ ತಿಂಗಳ ಒಂದು ನಸುಕಿನಲ್ಲಿ ಇಬ್ಬರು ಪೊಲೀಸರು ವಾಡೆಗೆ ಬಂದು ಮಾಸ್ತರರನ್ನು ಕರೆದುಕೊಂಡು ಹೋದರು. ಗದ್ದಲವಿಲ್ಲ, ಕೈಕೋಳವಿಲ್ಲ. ಮೀಸಾ ಕಾಯಿದೆಗೆ ಕಾರಣ ಹೇಳಬೇಕಾದ ಹಂಗೂ ಇರಲಿಲ್ಲ. ಅವರು ಹೆಗಲಿಗೆ ಚೀಲ ಹಾಕಿಕೊಂಡು ಶಾಲೆಗೆ ಹೊರಟವರಂತೆ ಹೋದರು. ವಾಡೆಯ ಹನ್ನೊಂದು ಬಾಗಿಲುಗಳಲ್ಲಿ ಒಂದೂ ತೆರೆಯಲಿಲ್ಲ. ನನ್ನದೂ ತೆರೆಯಲಿಲ್ಲ. ನಾನು ಕಿಟಕಿಯ ಸಂದಿಯಿಂದ ನೋಡಿದೆ.

ಅವರನ್ನು ಯೆರವಡಾ ಜೈಲಿನಲ್ಲಿ ಇಟ್ಟಿದ್ದರು. ಗಾಂಧೀಜಿಯವರನ್ನು ಇಟ್ಟಿದ್ದ ಜೈಲು. 1932ರಲ್ಲಿ ಅವರು ಉಪವಾಸ ಕೂತು, ಅಂಬೇಡ್ಕರರೊಡನೆ ಪುಣೆ ಒಪ್ಪಂದವಾದದ್ದು ಅಲ್ಲಿಯೇ. ಹದಿನೈದು ದಿನ ಬಿಟ್ಟು ವೈನಿಯವರು ನನ್ನ ಬಾಗಿಲಿಗೆ ಬಂದರು. ಹಿಂದೆ ಎರಡು ಸಣ್ಣ ಹುಡುಗಿಯರು. ಭೇಟಿಗೆ ಪರವಾನಗಿ ಸಿಕ್ಕಿದೆ, ಅರಿವೆ, ಪುಸ್ತಕ ಒಯ್ಯಬೇಕು, ಒಬ್ಬಳಿಗೇ ಧೈರ್ಯ ಸಾಲದು, ಜೈಲಿನ ಬಾಗಿಲ ತನಕ ಜೊತೆಗೆ ಬರುವಿರಾ ಎಂದು ಕೇಳಿದರು. ನನಗೆ ಆ ದಿನ ಸುಟಿ ಇತ್ತು. "ಶಿಫ್ಟು ಇದೆ ವೈನಿ" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅದೂ ಅಲ್ಲದೆ ನಾವು ಹೊರಗಿನವರು, ಪರಊರಿನಲ್ಲಿ ನಮಗೆ ಈ ಉಸಾಬರಿ ಯಾಕೆ ಹೇಳಿರಿ" ಎಂದು ಸೇರಿಸಿದೆ. ಅವರು "ಬರೋಬರ್ ಆಹೇ" ಎಂದು ಹುಡುಗಿಯರ ಕೈ ಹಿಡಿದುಕೊಂಡು ಹೋದರು. ಮತ್ತೆಂದೂ ಕೇಳಲಿಲ್ಲ. ಆದರೆ ನಳದ ಹತ್ತಿರ ನನ್ನ ಕೊಡ ಖಾಲಿ ಇದ್ದರೆ ಮೊದಲಿನಂತೆಯೇ ತುಂಬಿಡುತ್ತಿದ್ದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಆ ಕಾಲದಲ್ಲಿ ಎಲ್ಲರೂ ನನ್ನಂತೆ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಊರಿಗೆ ಹೋಗುವಾಗ ನಮ್ಮ ಬಸ್ಸು ಕರಾಡದಲ್ಲಿ ನಿಲ್ಲುತ್ತದಷ್ಟೆ? ಅದೇ ಕರಾಡದಲ್ಲಿ 1975ರ ಡಿಸೆಂಬರಿನಲ್ಲಿ ಮರಾಠಿ ಸಾಹಿತ್ಯ ಸಮ್ಮೇಳನ ನಡೆಯಿತು. ಕೇಂದ್ರ ಮಂತ್ರಿ ಯಶವಂತರಾವ್ ಚವ್ಹಾಣರು ಅಲ್ಲಿದ್ದಾರೆ. ಸಮ್ಮೇಳನದ ಅಧ್ಯಕ್ಷೆ ದುರ್ಗಾ ಭಾಗವತರು, ಕಾಯಿಲೆಯಲ್ಲಿದ್ದ ಜಯಪ್ರಕಾಶ ನಾರಾಯಣರ ಆರೋಗ್ಯಕ್ಕಾಗಿ ಪ್ರಾರ್ಥಿಸೋಣ ಎಂದು ಸಭೆಯನ್ನು ಕೇಳಿಕೊಂಡರು. ಘೋಷಣೆಯಿಲ್ಲ, ಕಲ್ಲು ತೂರಾಟವಿಲ್ಲ, ಒಂದು ಪ್ರಾರ್ಥನೆ ಅಷ್ಟೆ. ಮುಂದೆ ಅವರೂ ಜೈಲು ಕಂಡರು. ನಮ್ಮ ಬೆಂಗಳೂರಿನ ಜೈಲಿನಲ್ಲಿ, 'ಸಂಸ್ಕಾರ' ಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು, ಆಸ್ತಮಾದಿಂದ ನರಳುತ್ತಿದ್ದರೂ, ತಿಂಗಳುಗಟ್ಟಲೆ ಇಟ್ಟಿದ್ದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ಅವರು ತೀರಿಕೊಂಡರು.

ಆ ಜನವರಿಯಲ್ಲೇ ಚುನಾವಣೆ ಸಾರಿದರು. ಸೆರೆಯಲ್ಲಿದ್ದವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಮಾಸ್ತರರು ಬಂದ ದಿನ ಎಲ್ಲ ಬಾಗಿಲಿಗೂ ಹೋಗಿ ಪೇಡೆ ಹಂಚಿದರು. ನನ್ನ ಬಾಗಿಲಿಗೂ ಬಂದರು. ಮೈ ಇಳಿದಿತ್ತು, ನಗು ಇಳಿದಿರಲಿಲ್ಲ. "ಯಾದಿಯಲ್ಲಿ ನಿಮ್ಮ ಹೆಸರು ಇದೆಯೋ ಇಲ್ಲವೋ ನೋಡಿಕೊಳ್ಳಿ" ಎಂದರು. ನೋಡಿದೆ, ಇತ್ತು. ಜೈಲಿಗೆ ಹೋಗುವ ಮೊದಲು ಅವರು ಬರೆಯಿಸಿ ಹೋದ ಹೆಸರು. ಮಾರ್ಚ್ ತಿಂಗಳಲ್ಲಿ ಅಂಗಳದ ಎಲ್ಲರೂ ಕೂಡಿ ಶಾಲೆಯೊಂದಕ್ಕೆ ಹೋಗಿ ಮತ ಹಾಕಿದೆವು. ಜುಲೈಯಲ್ಲಿ ಬಾಗಿಲು ತೆರೆಯದ ಹನ್ನೊಂದು ಮನೆಗಳೂ ಅಂದು ಸಾಲಿನಲ್ಲಿ ನಿಂತಿದ್ದವು. ಪರದೆಯ ಹಿಂದೆ ಯಾರೂ ನೋಡುವುದಿಲ್ಲ. ಹೆದರಿದವನಿಗೂ ಅಲ್ಲಿ ಒಂದು ಅವಕಾಶವಿದೆ. ನನ್ನ ಪಾಲಿಗೆ ಅದು ಪ್ರಾಯಶ್ಚಿತ್ತದ ಮೊದಲ ಕಂತು.

ಎಣಿಕೆಯ ರಾತ್ರಿ ಪತ್ರಿಕಾ ಕಚೇರಿಯೊಂದರ ಹಲಗೆಯ ಮುಂದೆ ಬೆಳಗಿನ ತನಕ ನಿಂತಿದ್ದೆವು. ಪುಣೆಯಿಂದ ಮೋಹನ ಧಾರಿಯಾ ಆರಿಸಿ ಬಂದರು. ಇಂದಿರಾ ಗಾಂಧಿಯವರ ಮಂತ್ರಿಮಂಡಲದಲ್ಲಿದ್ದು, ಜಯಪ್ರಕಾಶರೊಡನೆ ಮಾತುಕತೆ ಆಗಲಿ ಎಂದದ್ದಕ್ಕೆ 1975ರ ಮಾರ್ಚಿನಲ್ಲಿ ಪದವಿ ಕಳೆದುಕೊಂಡು, ಆಮೇಲೆ ಸೆರೆಮನೆಯನ್ನೂ ಕಂಡವರು ಅವರು. ಆದರೆ ಊರಿಂದ ಅಪ್ಪನ ಪತ್ರ ಬೇರೆಯೇ ಸುದ್ದಿ ತಂದಿತು. ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋಗಿದ್ದವು. ನಾನು ಸಿಟ್ಟಿನಿಂದ ಬರೆದದ್ದಕ್ಕೆ ಅವರ ಉತ್ತರ: "ನಮ್ಮ ಹೊಲಾ ಮಾಡವಗ ಅರಸರ ಕಾಯಿದೇದಾಗ ಭೂಮಿ ಸಿಕ್ಕೈತಿ. ಅವಾ ಯಾಕ ನಿನ್ನ ಮಾತು ಕೇಳತಾನ?" ಅದೂ ನಿಜವೇ. ಉಳುವವನೇ ಹೊಲದೊಡೆಯ ಎಂಬ ಕಾನೂನು 1974ರಿಂದ ಜಾರಿಯಾಗಿತ್ತು; ನಮ್ಮದೇ ಎರಡು ಎಕರೆ ಹೋಗಿತ್ತು! ಜನ ಮತ ಹಾಕುವುದು ತಮ್ಮ ಅಂಗಳದಲ್ಲಿ ಕಂಡದ್ದನ್ನು ನೋಡಿ. ನಮ್ಮ ವಾಡೆಯ ಅಂಗಳದಿಂದ ಒಬ್ಬ ಮನುಷ್ಯನನ್ನು ಒಯ್ದಿದ್ದರು. ಅವನ ಅಂಗಳಕ್ಕೆ ಭೂಮಿ ಬಂದಿತ್ತು. ಇಬ್ಬರ ಕೈಯಲ್ಲಿಯೂ ಇದ್ದದ್ದು ಅದೇ ಒಂದು ಚೀಟಿ.

ಆ ಚುನಾವಣೆಯಿಂದ ಬಂದ ಸರಕಾರ ಎರಡೂವರೆ ವರ್ಷ ಬಾಳಲಿಲ್ಲ. 1980ರ ಜನವರಿಯಲ್ಲಿ ಇಂದಿರಾ ಗಾಂಧಿಯವರೇ ಮರಳಿ ಬಂದರು. ಹಾಗಾದರೆ ಜೈಲು ಕಂಡವರ ಕಷ್ಟ ನೀರಲ್ಲಿ ಹೋಮವಾಯಿತೇ? ಇಲ್ಲ. 1978ರ 44ನೆಯ ತಿದ್ದುಪಡಿ ಉಳಿಯಿತು. 'ಆಂತರಿಕ ಕ್ಷೋಭೆ' ಎಂಬ ಸಡಿಲ ಮಾತನ್ನು ತೆಗೆದು 'ಸಶಸ್ತ್ರ ಬಂಡಾಯ' ಎಂದು ಬರೆದರು. ಎಂಥ ತುರ್ತು ಪರಿಸ್ಥಿತಿಯಲ್ಲಿಯೂ ಜೀವದ ಹಕ್ಕನ್ನು ಅಮಾನತಿನಲ್ಲಿ ಇಡುವಂತಿಲ್ಲ ಎಂದರು. ಸರಕಾರಗಳು ಬಂದವು, ಹೋದವು. ಆ ಸಾಲುಗಳು ಸಂವಿಧಾನದಲ್ಲಿ ಇನ್ನೂ ಇವೆ.

ಆ ಮಳೆಗಾಲದಲ್ಲಿ ಒಂದು ದಿನ ಮಾಸ್ತರರು "ನಡೀರಿ, ನಿಮಗೆ ನಿಮ್ಮ ಊರಿನ ರೊಟ್ಟಿ ತಿನ್ನಿಸುತ್ತೇನೆ" ಎಂದು ಪೇಠೆಯ ಕಡೆಗೆ ಕರೆದುಕೊಂಡು ಹೋದರು. ಬಾಬಾ ಆಢಾವರ ಹಮಾಲ ಪಂಚಾಯತಿ 1974ರಲ್ಲಿ 'ಕಷ್ಟಾಚೀ ಭಾಕರ' ಎಂಬ ಅಗ್ಗದ ಊಟದ ಕೇಂದ್ರ ತೆರೆದಿತ್ತು. ಜೋಳದ ಭಾಕರಿ, ಝುಣಕಾ, ಹಸಿಮೆಣಸಿನಕಾಯಿ. ಎದುರಿಗೆ ಕೂತ ಹಮಾಲ, ನಾನು ರೊಟ್ಟಿ ಮುರಿಯುವ ರೀತಿ ನೋಡಿಯೇ ಇರಬೇಕು, "ಯಾವೂರಾತ್ರೀ?" ಎಂದ. ಇಂಡಿ ತಾಲೂಕಿನವನು. ಬರಗಾಲದಲ್ಲಿ ಬಂದು ಇಲ್ಲಿಯೇ ನಿಂತವನು.

ಅವನು ಹೇಳಿದ್ದನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ಹಮಾಲನಿಗೆ ಯಜಮಾನನೇ ಇಲ್ಲ. ಬೆಳಿಗ್ಗೆ ಒಬ್ಬ ವ್ಯಾಪಾರಿಯ ಚೀಲ, ಮಧ್ಯಾಹ್ನ ಇನ್ನೊಬ್ಬನ ಚೀಲ. ಬೆನ್ನು ಮುರಿದರೆ ಇವನು ಅವನನ್ನು ತೋರಿಸುತ್ತಾನೆ, ಅವನು ಇವನನ್ನು. ಹಮಾಲರು ಒಟ್ಟಾಗಿ ಹೋರಾಡಿದ್ದರಿಂದ 1969ರಲ್ಲಿ ಮಹಾರಾಷ್ಟ್ರದಲ್ಲಿ ಮಾಥಾಡಿ ಕಾಯಿದೆ ಬಂತು. ಅದರ ಉಪಾಯ ಸರಳ: ಸರಕಾರ, ವ್ಯಾಪಾರಿ, ಹಮಾಲ ಮೂವರೂ ಇರುವ ಒಂದು ಮಂಡಳಿ, ವ್ಯಾಪಾರಿ ಕೂಲಿಯನ್ನೂ ಅದರ ಮೇಲೊಂದು ಪಾಲನ್ನೂ ಮಂಡಳಿಗೆ ಕಟ್ಟಬೇಕು, ಮಂಡಳಿ ಹಮಾಲನಿಗೆ ಕೂಲಿ ಕೊಟ್ಟು, ಭವಿಷ್ಯನಿಧಿ, ರಜೆ, ಔಷಧೋಪಚಾರ ನೋಡಿಕೊಳ್ಳಬೇಕು. ಯಜಮಾನನಿಲ್ಲದವನಿಗೆ ಕಾನೂನು ಒಂದು ವಿಳಾಸ ಕೊಟ್ಟಿತು.

"ನೀ ಹೊರಗಿನಾಂವ ಅಂತ ಯಾರೂ ಅನಲಿಲ್ಲೇನು?" ಎಂದು ಕೇಳಿದೆ. ಅವನು ರೊಟ್ಟಿ ನುಂಗಿ ನೀರು ಕುಡಿದು ಹೇಳಿದ: "ಅಂತಾರ್ರೀ. ಆದ್ರ ಚೀಲದ ತೂಕ ಎಲ್ಲಾರ ಬೆನ್ನಿಗೂ ಒಂದ. ನಾನೂ ಮೋರ್ಚಾಕ್ಕ ಹೋಗೀನಿ, ಪಾವತಿ ಹರಿಸೀನಿ, ನಾನೂ ಮೆಂಬರ." ಪದವೀಧರನಾದ ನಾನು ಕಿಟಕಿಯ ಸಂದಿಯಿಂದ ನೋಡುತ್ತಿದ್ದಾಗ, ಸಹಿಗೆ ಹೆಬ್ಬೆಟ್ಟು ಒತ್ತುವ ಇಂಡಿಯ ಹಮಾಲ ಪುಣೆಯ ನಾಗರಿಕನಾಗಿದ್ದ.

ಮರಳಿ ಬರುವಾಗ ಲಕಡಿ ಪೂಲಿನ ಮೇಲೆ ನಿಂತು ಮಾಸ್ತರರಿಗೆ ಎಲ್ಲ ಹೇಳಿಬಿಟ್ಟೆ. ಆ ದಿನ ಶಿಫ್ಟು ಇರಲಿಲ್ಲ ಎಂದೂ ಹೇಳಿದೆ. ಅವರಿಗೆ ಗೊತ್ತಿತ್ತು. ನಳದ ಹತ್ತಿರ ನಾನು ಮಧ್ಯಾಹ್ನ ಸೈಕಲ್ ತೊಳೆಯುತ್ತಿದ್ದುದನ್ನು ವೈನಿ ನೋಡಿದ್ದರಂತೆ! ಮಾಸ್ತರರು ಸ್ವಲ್ಪ ಹೊತ್ತು ಮುಠಾ ನದಿಯ ಕಡೆ ನೋಡಿ, "ಒಳಗಿದ್ದ ನಮಗೂ ಹೆದರಿಕೆ ಇತ್ತು. ಮುಂದಿನ ಸಲ ಯಾರಾದರೂ ಕರೆದರೆ ಹೋಗಿ, ಅಷ್ಟು ಸಾಕು" ಎಂದರು.

ಪ್ರತಿಭಟನೆ ಎಂದ ಕೂಡಲೆ ಗೆಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ನಾವೆಲ್ಲ ಭಜಿ ತಿನ್ನಲು ಮುಳಶಿಗೆ ಹೋಗುತ್ತೇವೆ. ಆ ಕೆರೆಯ ನೀರಿನಡಿ ಮಾವಳ ರೈತರ ಹಳ್ಳಿಗಳಿವೆ. ಮುಂಬಯಿಗೆ ವಿದ್ಯುತ್ತು ಕೊಡಲು ಟಾಟಾ ಕಂಪನಿ ಕಟ್ಟುತ್ತಿದ್ದ ಆಣೆಕಟ್ಟಿನ ವಿರುದ್ಧ 1921ರಿಂದ 1924ರ ವರೆಗೆ ಅವರು ಸತ್ಯಾಗ್ರಹ ಮಾಡಿದರು. ಪಾಂಡುರಂಗ ಬಾಪಟರಿಗೆ 'ಸೇನಾಪತಿ' ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಆದರೆ ಆಣೆಕಟ್ಟು ಎದ್ದಿತು. ಉಳುವವನಿಗೆ ಭೂಮಿ ಬೇಕಿತ್ತು; ಆ ಭೂಮಿಯ ಕಾಗದಪತ್ರ ಇಟ್ಟುಕೊಂಡು ಪುಣೆಯಲ್ಲಿ ಕೂತಿದ್ದ ಒಡೆಯರಿಗೆ, ಸಾಹುಕಾರರಿಗೆ ಪರಿಹಾರದ ಹಣ ಸಾಕಾಗಿತ್ತು. ದೂರ ಕೂತು "ನಮಗೇಕೆ" ಎನ್ನುವವರು ಹೆಚ್ಚಾದರೆ ಸೇನಾಪತಿಯೂ ಸೋಲುತ್ತಾನೆ. ಹಾಗಿದ್ದರೂ, ಆಣೆಕಟ್ಟು ಕಟ್ಟುವವರು ಮುಳುಗುವವರನ್ನು ಕೇಳಬೇಕು ಎಂಬ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಮೊದಲು ಎತ್ತಿದವರಲ್ಲಿ ಆ ಸೋತ ರೈತರೂ ಒಬ್ಬರು.

ನನ್ನ ಸರದಿ ಬಂದದ್ದು ಬಹಳ ತಡವಾಗಿ, ನಿವೃತ್ತಿಯ ನಂತರ, 2009ರಲ್ಲಿ. ಅಷ್ಟರಲ್ಲಿ ವಾಡೆ ಬಿಟ್ಟು ಕೋಥರೂಡಕ್ಕೆ ಬಂದಿದ್ದೆವು, ಮಾಸ್ತರರು ತೀರಿಕೊಂಡಿದ್ದರು. ನಮ್ಮ ಓಣಿಯ ರಸ್ತೆಯನ್ನು ಅಗೆದು ಎಂಟು ತಿಂಗಳು ಹಾಗೆಯೇ ಬಿಟ್ಟಿದ್ದರು. ಒಬ್ಬ ಮುದುಕಿ ಬಿದ್ದು ಸೊಂಟ ಮುರಿದುಕೊಂಡಳು. ಓಣಿಯ ಹೆಣ್ಣುಮಕ್ಕಳು ಬಂದು, "ಅಂಕಲ್, ಮಾಹಿತಿ ಹಕ್ಕಿನ ಅರ್ಜಿ ಬರೆದು ಕೊಡಿ" ಎಂದರು. ನಾಲಗೆಯ ತುದಿಗೆ ಹಳೆಯ ಮಾತು ಬಂದಿತ್ತು. ಲಕಡಿ ಪೂಲು ನೆನಪಾಯಿತು. ಬರೆದುಕೊಟ್ಟೆ.

ಆ ಕಾಯಿದೆ ದಿಲ್ಲಿಯಲ್ಲಿ ತಾನಾಗಿ ಹುಟ್ಟಿದ್ದಲ್ಲ. ರಾಜಸ್ಥಾನದ ಕೂಲಿಕಾರರು, ತಮ್ಮ ಹೆಸರಿನಲ್ಲಿ ಎಷ್ಟು ಕೂಲಿ ಬರೆದಿದ್ದಾರೆ ತೋರಿಸಿರಿ ಎಂದು 1996ರಲ್ಲಿ ಬ್ಯಾವರ ಎಂಬ ಊರಿನಲ್ಲಿ 40 ದಿನ ಧರಣಿ ಕೂತರು. ಕರ್ನಾಟಕ 2000ದಲ್ಲಿ ತನ್ನದೊಂದು ಕಾಯಿದೆ ಮಾಡಿತು. ಅಣ್ಣಾ ಹಜಾರೆಯವರ ಉಪವಾಸಗಳ ಒತ್ತಡದಿಂದ ಮಹಾರಾಷ್ಟ್ರಕ್ಕೂ ಬಂತು. ಇಡೀ ದೇಶಕ್ಕೆ 2005ರ ಅಕ್ಟೋಬರ್ 12ರಂದು, ವಿಜಯದಶಮಿಯ ದಿನ ಜಾರಿಯಾಯಿತು. ಅದರಡಿ ಮೊಟ್ಟಮೊದಲ ಅರ್ಜಿ ಸಲ್ಲಿಕೆಯಾದದ್ದು ನಮ್ಮ ಪುಣೆಯ ಒಂದು ಪೊಲೀಸ್ ಠಾಣೆಯಲ್ಲಿ ಎಂಬುದು ಇಲ್ಲಿಯವರ ಹೆಮ್ಮೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ. ಯಾಕೆ ಕೇಳುತ್ತೀ ಎಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ಯಾವ ಊರಿನವನು ಎಂದೂ ಕೇಳುವುದಿಲ್ಲ. ಭಾರತದ ನಾಗರಿಕನಾದರೆ ಸಾಕು.

ಸಂಬಂಧಪಟ್ಟ ಕಚೇರಿಯಿಂದ ಇಪ್ಪತ್ತೆಂಟನೆಯ ದಿನ ನಾಲ್ಕು ಪುಟ ಬಂದವು. ಕಾಗದದ ಮೇಲೆ ನಮ್ಮ ರಸ್ತೆ ಆರು ತಿಂಗಳ ಹಿಂದೆಯೇ ಪೂರ್ಣವಾಗಿ, ಬಿಲ್ಲೂ ಸಂದಿತ್ತು! ಆ ಪುಟಗಳ ಪ್ರತಿ ಮಾಡಿಸಿ, ಓಣಿಯ ಎಲ್ಲರ ಸಹಿ ಹಾಕಿಸಿ, ಹೆಣ್ಣುಮಕ್ಕಳನ್ನು ಮುಂದಿಟ್ಟುಕೊಂಡು ಹೋಗಿ ಕೂತೆವು. ಮಳೆಗಾಲದ ಮೊದಲು ರಸ್ತೆಯಾಯಿತು. ಇದೇನು ಮಹಾ ಕ್ರಾಂತಿ ಎಂದು ವಾಚಕರು ನಕ್ಕರೆ ತಪ್ಪಿಲ್ಲ. ಆದರೆ ಹತ್ತು ರೂಪಾಯಿಯ ಪ್ರಶ್ನೆಯೂ ಎಲ್ಲರಿಗೂ ಅಗ್ಗವಲ್ಲ. ಭೂವ್ಯವಹಾರಗಳ ಬಗ್ಗೆ ಇದೇ ಕಾಯಿದೆಯಡಿ ಪ್ರಶ್ನೆ ಕೇಳುತ್ತಿದ್ದ ಸತೀಶ ಶೆಟ್ಟಿಯವರನ್ನು 2010ರ ಜನವರಿ 13ರಂದು, ಇಲ್ಲಿಯೇ ತಳೇಗಾಂವದಲ್ಲಿ, ಬೆಳಗಿನ ಹೊತ್ತು ಕೊಂದರು. ಆ ಸುದ್ದಿ ಓದಿದ ದಿನ ನನ್ನ ಕೈ ನಡುಗಿತು. ಮಾಸ್ತರರ ಮಾತು ನೆನಪಾಯಿತು: ಒಳಗಿದ್ದ ನಮಗೂ ಹೆದರಿಕೆ ಇತ್ತು. ಒಬ್ಬನೇ ಕೇಳಿದರೆ ಅವನು ಗುರಿಯಾಗುತ್ತಾನೆ. ಓಣಿಯೇ ಕೇಳಿದರೆ ಗುರಿ ಸಿಗುವುದಿಲ್ಲ. ಅದಕ್ಕೇ ಹತ್ತು ಜನ ಬರಬೇಕು ಎನ್ನುವುದು.

ಪರಊರು ಎನ್ನುತ್ತೇವೆ. ಆಲೂರ ವೆಂಕಟರಾಯರು ಓದಿದ್ದು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ. ಬೇಂದ್ರೆಯವರು ಓದಿದ್ದೂ ಅಲ್ಲಿಯೇ. ತಿಲಕರ ಪುಣೆಯ ಗಾಳಿ ಕುಡಿದು ಹೋದ ಆಲೂರರು ಕನ್ನಡ ನಾಡು ಒಂದಾಗಲಿ ಎಂದು ಜೀವ ಸವೆಸಿದರು. ಬೇಂದ್ರೆಯವರು 'ನರಬಲಿ' ಎಂಬ ಒಂದು ಕವಿತೆಗಾಗಿ ಹಿಂಡಲಗಾ ಜೈಲು ಸೇರಿದರು. ಈ ಊರು ನಮಗೆ ಅಷ್ಟು ಕಲಿಸಿದೆ. ಅದರ ನಳಕ್ಕೆ ನೀರು ಬಾರದಿದ್ದಾಗ ನಾವು ಹೊರಗಿನವರಾಗುವುದು ಸರಿಯೇ?

ಮೋರ್ಚಾ ಬರುವ ಶನಿವಾರ. ಮೊಣಕಾಲು ನೋವಿದೆ, ಪೂರ್ತಿ ನಡೆಯಲಾರೆ, ಮುಂದಿನ ಚೌಕದ ತನಕ ಹೋಗುತ್ತೇನೆ. ಹಿಂಜವಡಿಯ ಆ ತರುಣರಿಗೆ ನಿನ್ನೆ ಫೋನು ಮಾಡಿದ್ದೆ. "ಶನಿವಾರ ಕೆಲಸ ಐತ್ರಿ ಕಾಕಾ, ನೋಡತೀನಿ" ಎಂದರು. ಕೆಲಸ ಇದೆಯೋ ಇಲ್ಲವೋ ನಾನು ಕೇಳಲಿಲ್ಲ. ನನ್ನನ್ನೂ ಯಾರೂ ಕೇಳಿರಲಿಲ್ಲ. ಇನ್ನೊಮ್ಮೆ ಕರೆಯುತ್ತೇನೆ.